ಸೆಟ್ ಒಂದೇ, ಕೆಲಸ ನೂರೆಂಟು

ಕಳೆದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಕೊಡುವಾಗ, ಇಂಗ್ಲಿಷಿನ 'ಸೆಟ್' ಎಂಬ ಪುಟ್ಟ ಪದಕ್ಕೆ ದೊಡ್ಡ ನಿಘಂಟಿನಲ್ಲಿ ನಾನೂರಕ್ಕೂ ಹೆಚ್ಚು ಅರ್ಥ ಇವೆ ಎಂದು ಬರೆದಿದ್ದೆ. ಅದನ್ನೇ ಹಿಡಿದು ಎಷ್ಟೊಂದು ಪತ್ರ ಬಂದಿವೆ ಎಂದರೆ, ಈ ಸಲದ ಅಂಕಣ ಪೂರ್ತಿ ಅದಕ್ಕೇ. ಬೇರೆ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಬೇಕು.

ನನಗಂತೂ ಈ ಪತ್ರಗಳನ್ನು ನೋಡಿ ತುಂಬ ಖುಷಿಯಾಯಿತು. ಸರ್ಕಾರಿ ಪಿಯು ಕಾಲೇಜಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಲೇ ನಿವೃತ್ತಿಯಾದವಳು ನಾನು. ಮಕ್ಕಳನ್ನು ಸತಾಯಿಸುವುದು ದೊಡ್ಡ ಪದಗಳಲ್ಲ. 'ಫೋಟೋಸಿಂಥೆಸಿಸ್' ಒಮ್ಮೆ ಕಲಿತರೆ ಮುಗಿಯಿತು, ಅದಕ್ಕಿರುವುದು ಒಂದೇ ಅರ್ಥ. ಸೆಟ್, ಪುಟ್, ಗೆಟ್, ರನ್ ಇವೇ ಕಾಟ ಕೊಡುವುದು. ಎಲ್ಲರಿಗೂ ಗೊತ್ತಿರುವ ಪದ ಅಂತ ಯಾರೂ ಇವನ್ನು ಕೂತು ಕಲಿಸುವುದಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಮೊದಲ ಪಿಯು ಸೈನ್ಸ್. ಗಣಿತದಲ್ಲಿ 'ಸೆಟ್', ಕೆಮಿಸ್ಟ್ರಿಯಲ್ಲಿ ಪ್ಲಾಸ್ಟರ್ 'ಸೆಟ್ಸ್', ಲ್ಯಾಬ್‌ನಲ್ಲಿ 'ಸೆಟ್ ಅಪ್', ಇಂಗ್ಲಿಷ್ ಪಾಠದಲ್ಲಿ 'ಸೆಟ್ ಔಟ್'. ಡಿಕ್ಷನರಿ ತೆಗೆದರೆ ಪುಟಗಟ್ಟಲೆ ಇದೆ. ರಾತ್ರಿ ಕೂತು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದಾಳೆ. ಎಷ್ಟು ಅರ್ಥ ಕಲಿತರೆ ಸಾಕು? (ಒಬ್ಬ ತಂದೆ, ಕಡೂರು)

ಉತ್ತರ: ಮೊದಲು ಆ ಪಟ್ಟಿಯನ್ನು ಎತ್ತಿಡಲು ಹೇಳಿ. ಅವಳು ಪಡುತ್ತಿರುವ ಶ್ರಮ ದೊಡ್ಡದು. ಆದರೆ ಬಾಯಿಪಾಠದಿಂದ ಈ ಪದ ಕೈಗೆ ಸಿಗುವುದಿಲ್ಲ. ಇದರ ಗುಟ್ಟು ಕನ್ನಡದ ಮಕ್ಕಳಿಗೆ ಬೇಗ ತಿಳಿಯುವಂಥದ್ದು.

ಇಂಗ್ಲಿಷಿನಲ್ಲಿ 'ಸಿಟ್' ಅಂದರೆ ಕೂರು. 'ಸೆಟ್' ಅಂದರೆ ಹುಟ್ಟಿನಿಂದ 'ಕೂರಿಸು'. ಕೂರು, ಕೂರಿಸು. ಬೀಳು, ಬೀಳಿಸು. ನಾವು 'ಇಸು' ಸೇರಿಸಿ ಮಾಡುವ ಕೆಲಸವನ್ನು ಹಳೆಯ ಇಂಗ್ಲಿಷ್ ಪದದ ನಡುವಿನ ಸ್ವರ ಬದಲಿಸಿ ಮಾಡುತ್ತಿತ್ತು. ಸಿಟ್ ಇದ್ದದ್ದು ಸೆಟ್ ಆಯಿತು. ಫಾಲ್ ಅಂದರೆ ಬೀಳು, ಮರ ಕಡಿದು ಬೀಳಿಸುವುದು ಫೆಲ್. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಈಗ ಕೆಲವೇ ಉಳಿದಿವೆ.

ಈಗ ನಾವು ಏನೇನು ಕೂರಿಸುತ್ತೇವೆ ನೋಡಿ. ಗಣಪತಿ ಕೂರಿಸುತ್ತೇವೆ. ದಸರಾಕ್ಕೆ ಬೊಂಬೆ ಕೂರಿಸುತ್ತೇವೆ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ. ಬಡಗಿ ಬಾಗಿಲಿನ ಚೌಕಟ್ಟು ಕೂರಿಸುತ್ತಾನೆ. ಜಾರಿದ ಮೂಳೆಯನ್ನು ಡಾಕ್ಟರು ಕೂರಿಸುತ್ತಾರೆ. ಹರಳು, ಚೌಕಟ್ಟು, ಮೂಳೆ ಈ ಮೂರಕ್ಕೂ ಇಂಗ್ಲಿಷಿನವರು 'ಸೆಟ್' ಎನ್ನುತ್ತಾರೆ. ಒಂದು ವಸ್ತುವನ್ನು ಅದರ ಜಾಗದಲ್ಲಿ ಅಲ್ಲಾಡದ ಹಾಗೆ ಕೂರಿಸುವುದು, ಅಷ್ಟೇ. ಗಡಿಯಾರದ ಮುಳ್ಳನ್ನು ಐದು ಗಂಟೆಗೆ ಕೂರಿಸಿದರೆ ಅಲಾರಂ ಸೆಟ್. ಮದುವೆ ಯಾವಾಗ ಅಂತ ಗೊತ್ತಿಲ್ಲದೆ ಓಲಾಡುತ್ತಿದ್ದದ್ದು ಒಂದು ದಿನಕ್ಕೆ ನಿಂತರೆ ಡೇಟ್ ಸೆಟ್. ಬೆಲೆ ನಿಗದಿಯಾದರೆ ಪ್ರೈಸ್ ಸೆಟ್. ಕವಿತೆಯನ್ನು ರಾಗದಲ್ಲಿ ಕೂರಿಸಿದರೆ ಸೆಟ್ ಟು ಮ್ಯೂಸಿಕ್. ನಮ್ಮ ಗಾಯಕರೂ 'ಈ ಸಾಲು ತಾಳಕ್ಕೆ ಕೂರುತ್ತಿಲ್ಲ' ಅಂತಲೇ ಹೇಳುವುದು, ಅಲ್ವಾ?

ಕೆಮಿಸ್ಟ್ರಿಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಇದೇ. ಪುಡಿಗೆ ನೀರು ಹಾಕಿ ಕಲಸಿದರೆ 5ರಿಂದ 15 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಹರಿಯುತ್ತಿದ್ದದ್ದು ಒಂದು ಆಕಾರದಲ್ಲಿ ಕೂತುಬಿಟ್ಟಿತು, ಅದಕ್ಕೇ 'ಸೆಟ್ಸ್'. ಮೊಸರಿಗೂ ಇದೇ ಮಾತು. ಆದರೆ ಅಲ್ಲಿ ನಾವು ಕೂತಿತು ಅನ್ನುವುದಿಲ್ಲ, ಹೆಪ್ಪುಗಟ್ಟಿತು ಅನ್ನುತ್ತೇವೆ. ಸೂರ್ಯ ಸೆಟ್ ಆಗುತ್ತಾನೆ ಎಂದರೂ ದಿನದ ಓಡಾಟ ಮುಗಿಸಿ ತನ್ನ ಜಾಗದಲ್ಲಿ ಕೂತ ಅಂತ. ನಾವು ಮುಳುಗಿದ ಎನ್ನುತ್ತೇವೆ.

ಇನ್ನು 'ಸೆಟ್ ಅಪ್', 'ಸೆಟ್ ಔಟ್', 'ಸೆಟ್ ಆಫ್', 'ಸೆಟ್ ಬ್ಯಾಕ್'. ಇವುಗಳನ್ನು ನಾನು ಕ್ಲಾಸಿನಲ್ಲಿ ಬಾಲದ ಪದಗಳು ಅನ್ನುತ್ತಿದ್ದೆ. ಬಾಲ ನೋಡಿ ಅರ್ಥ ಹಿಡಿಯಬೇಕು. ಲ್ಯಾಬ್‌ನಲ್ಲಿ ಸ್ಟ್ಯಾಂಡು, ಬ್ಯೂರೆಟ್ಟು, ಕೊಳವೆ ಎಲ್ಲ ಜೋಡಿಸಿ ನಿಲ್ಲಿಸುವುದು ಸೆಟ್ ಅಪ್. ಹೊರಡುವುದು ಸೆಟ್ ಔಟ್. ಪಟಾಕಿ ಹಚ್ಚುವುದು ಸೆಟ್ ಆಫ್, ಊರಿಗೆ ಹೊರಡುವುದೂ ಸೆಟ್ ಆಫ್. ಯಾವುದು ಅಂತ ಪಕ್ಕದ ಪದ ಹೇಳುತ್ತದೆ. ಪಕ್ಕದಲ್ಲಿ 'ಕ್ರ್ಯಾಕರ್ಸ್' ಇದ್ದರೆ ಒಂದು, 'ಫಾರ್ ಮೈಸೂರು' ಇದ್ದರೆ ಇನ್ನೊಂದು. ಇವು ಮಾತ್ರ ಓದುತ್ತ ಓದುತ್ತ ಬರಬೇಕು, ಅಡ್ಡದಾರಿ ಇಲ್ಲ.

ಉಳಿದದ್ದು ಗಣಿತದ ಸೆಟ್. ಮೊದಲ ಪಿಯು ಗಣಿತ ಪುಸ್ತಕದ ಮೊದಲ ಅಧ್ಯಾಯವೇ ಅದು. ಕನ್ನಡ ಪುಸ್ತಕದಲ್ಲಿ ಅದನ್ನೇ 'ಗಣ' ಎಂದು ಕಲಿಸುತ್ತಾರೆ. ಇದು ಕೂರಿಸುವ ಸೆಟ್ ಅಲ್ಲ, ಬೇರೆಯದೇ ಪದ. ಲ್ಯಾಟಿನ್ನಿನಲ್ಲಿ 'ಸೆಕ್ಟಾ' ಎಂದರೆ ಒಬ್ಬರ ಹಿಂದೆ ಹೋಗುವವರ ಗುಂಪು. ಅದು ಹಳೆಯ ಫ್ರೆಂಚಿನಲ್ಲಿ 'ಸೆಟ್' ಎಂದಾಗಿ ಇಂಗ್ಲಿಷಿಗೆ ಬಂತು. ಮೊದಲು ಜನರ ಗುಂಪು, ಆಮೇಲೆ ಒಂದಕ್ಕೊಂದು ಸೇರಿದ ವಸ್ತುಗಳ ಗುಂಪು. ಟೀ ಸೆಟ್, ಬಳೆ ಸೆಟ್, ಟೆನ್ನಿಸ್ಸಿನಲ್ಲಿ ಕೆಲವು ಗೇಮ್ ಸೇರಿ ಒಂದು ಸೆಟ್, ಪಂಪು ಮೋಟಾರು ಸೇರಿ ನಮ್ಮ ರೈತರ ಪಂಪ್‌ಸೆಟ್. ಎರಡು ಬೇರೆ ಬೇರೆ ಊರಿನ ಪದಗಳು ಇಂಗ್ಲಿಷಿಗೆ ಬಂದು ಒಂದೇ ಉಚ್ಚಾರಣೆ, ಒಂದೇ ಸ್ಪೆಲ್ಲಿಂಗಿನಲ್ಲಿ ಬೆರೆತುಹೋದವು. ಮಗಳಿಗೆ ಇದೊಂದು ಹೇಳಿ: ಮುಂದೆ 'ಸೆಟ್' ಬಂದರೆ ಮೊದಲು ಕೇಳಿಕೋ, ಇದು ಕೂರಿಸುವ ಸೆಟ್ಟೋ, ಗುಂಪಿನ ಸೆಟ್ಟೋ? ಅಲ್ಲಿಗೆ ಅರ್ಧ ಕೆಲಸ ಆಯಿತು. ಆಮೇಲೆ ಪಕ್ಕದ ಪದ ನೋಡಿದರೆ ಉಳಿದರ್ಧ.

ಪ್ರಶ್ನೆ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ 'ಸೆಟ್' ಎಂದು ಕ್ವಿಜ್‌ನಲ್ಲಿ ಹೇಳಿದೆ. ಇನ್ನೊಬ್ಬ 'ರನ್' ಎಂದ. ಅವನಿಗೆ ಅಂಕ ಕೊಟ್ಟರು. ಸರಿಯಾ? (ಕಾಲೇಜು ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಈಗಿನ ಲೆಕ್ಕದಲ್ಲಿ ಅವನು ಹೇಳಿದ್ದೇ ಸರಿ. ನಿಮ್ಮ ಉತ್ತರವೂ ಬಹಳ ಕಾಲ ಸರಿಯಾಗಿತ್ತು. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ 'ಸೆಟ್' ಕ್ರಿಯಾಪದಕ್ಕೆ 430ಕ್ಕೂ ಹೆಚ್ಚು ಅರ್ಥ ಕೊಟ್ಟಿದ್ದರು. ಆ ಒಂದು ಪದದ ವಿವರಣೆಗೇ ಸುಮಾರು 60,000 ಪದ ಬೇಕಾಯಿತು. ಒಂದು ಚಿಕ್ಕ ಕಾದಂಬರಿಯಷ್ಟು! ಮೂರನೇ ಆವೃತ್ತಿಗೆ ಪದಗಳನ್ನು ಒಂದೊಂದಾಗಿ ಮತ್ತೆ ಪರಿಶೀಲಿಸುತ್ತಿದ್ದಾರೆ. ಹಾಗೆ ನೋಡುವಾಗ ಮೊದಲು 'ಮೇಕ್' ಮುಂದೆ ಹೋಯಿತು, ಆಮೇಲೆ 'ಪುಟ್', 2011ರ ಹೊತ್ತಿಗೆ 'ರನ್'. ರನ್ ಕ್ರಿಯಾಪದಕ್ಕೆ 645 ಅರ್ಥ. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೆಲಸ ಮಾಡಿದರು.

ಯಂತ್ರಗಳು ಬಂದ ಮೇಲೆ 'ರನ್'ಗೆ ಕೆಲಸ ಜಾಸ್ತಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಮನುಷ್ಯ ಓಡುತ್ತಿದ್ದ, ನದಿ ಹರಿಯುತ್ತಿತ್ತು, ಮೂಗು ಸೋರುತ್ತಿತ್ತು. ಆಮೇಲೆ ರೈಲು, ಬಸ್ಸು, ಫ್ಯಾಕ್ಟರಿ, ಕಂಪ್ಯೂಟರಿನ ಪ್ರೋಗ್ರಾಂ ಎಲ್ಲವೂ 'ರನ್' ಆಗತೊಡಗಿದವು. ಅಮೆರಿಕದಲ್ಲಿ ಚುನಾವಣೆಗೂ 'ರನ್' ಮಾಡುತ್ತಾರೆ. ಬ್ರಿಟನ್ನಿನವರೂ ನಾವೂ ಚುನಾವಣೆಗೆ ನಿಲ್ಲುತ್ತೇವೆ.

ಒಂದು ಮಾತು ನೆನಪಿಡಿ. 430 ಎಂದರೆ ಸಂಬಂಧವೇ ಇಲ್ಲದ 430 ಅರ್ಥಗಳಲ್ಲ. ಈಗ ಯಾರೂ ಬಳಸದ ಹಳೆಯ ಅರ್ಥಗಳು, ಬೇರೆ ಬೇರೆ ಕಸುಬಿನವರ ಮಾತು, ನಾನು ಮೇಲೆ ಹೇಳಿದ ಬಾಲದ ಪದಗಳು ಎಲ್ಲವನ್ನೂ ಆ ನಿಘಂಟು ಲೆಕ್ಕ ಹಿಡಿಯುತ್ತದೆ. ಎಲ್ಲಿ ಒಂದು ಅರ್ಥ ಮುಗಿದು ಇನ್ನೊಂದು ಶುರುವಾಯಿತು ಎಂದು ಗೆರೆ ಎಳೆಯುವವರು ಸಂಪಾದಕರು.

ಆ ನಿಘಂಟಿನ ಮೊದಲ ಆವೃತ್ತಿಯ ಕಥೆ ನನಗೆ ಬಹಳ ಇಷ್ಟ. ಮೊದಲ ಕಂತು ಬಂದದ್ದು 1884ರಲ್ಲಿ, ಪೂರ್ತಿ ಮುಗಿದದ್ದು 1928ರಲ್ಲಿ. ಓದುಗರು ಪುಸ್ತಕಗಳಿಂದ ವಾಕ್ಯ ಹೆಕ್ಕಿ ಚೀಟಿಗಳಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಅಚ್ಚಾದ ಉದಾಹರಣೆಗಳೇ 18 ಲಕ್ಷ ದಾಟಿವೆ. ಮುಖ್ಯ ಸಂಪಾದಕ ಜೇಮ್ಸ್ ಮರ್ರೆ 1915ರಲ್ಲೇ ತೀರಿಕೊಂಡರು, ಕೆಲಸ ಮುಗಿದದ್ದನ್ನು ನೋಡಲಿಲ್ಲ. 'ಸೆಟ್' ಇರುವ ಭಾಗ ಹೆನ್ರಿ ಬ್ರಾಡ್ಲಿ ಎಂಬುವರ ಪಾಲಿಗೆ ಬಂದಿತ್ತು. ಬ್ರಾಡ್ಲಿ ಶೆಫೀಲ್ಡಿನ ಚಾಕು ಚಮಚದ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಗುಮಾಸ್ತರಾಗಿದ್ದವರು. ಭಾಷೆಗಳನ್ನು ತಾವೇ ಓದಿ ಕಲಿತರು. ನಿಘಂಟಿನ ಮೊದಲ ಕಂತಿಗೆ ಅವರು ಬರೆದ ವಿಮರ್ಶೆ ಓದಿ ಮರ್ರೆಯೇ ಅವರನ್ನು ಕೆಲಸಕ್ಕೆ ಕರೆದರು.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟ. ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ. ಅಲ್ಲಿಯೂ ಪ್ರತಿ ಅರ್ಥಕ್ಕೆ ಶಾಸನದಿಂದ, ಕಾವ್ಯದಿಂದ ಪ್ರಯೋಗ ಕೊಟ್ಟಿದ್ದಾರೆ. ಕ್ವಿಜ್ ಮಾಡುವ ಹುಡುಗರು ಒಮ್ಮೆ ಲೈಬ್ರರಿಯಲ್ಲಿ ಅದನ್ನು ಕೈಗೆತ್ತಿಕೊಳ್ಳಿ.

ಪ್ರಶ್ನೆ: ನಮ್ಮ ಜಮೀನಿನ ಕೇಸಿನಲ್ಲಿ ಕೆಳಗಿನ ಕೋರ್ಟಿನಲ್ಲಿ ನಮಗೆ ಗೆಲುವಾಗಿತ್ತು. ಎದುರಿನವರು ಅಪೀಲು ಹಾಕಿದ್ದರು. ಈಗ ಆರ್ಡರಿನಲ್ಲಿ ಕೆಳಗಿನ ಕೋರ್ಟಿನ ತೀರ್ಪು 'ಸೆಟ್ ಅಸೈಡ್' ಅಂತ ಇದೆ. ಮಗ ಡಿಕ್ಷನರಿ ನೋಡಿ 'ಬದಿಗೆ ಇಟ್ಟಿದ್ದಾರೆ' ಎಂದ. ಅಂದರೆ ನಮ್ಮ ಗೆಲುವು ಹಾಗೇ ಇದೆ, ಮುಂದೆ ತೆಗೆದು ನೋಡುತ್ತಾರೆ ಅಂತಲೇ? (ರೈತರೊಬ್ಬರು, ಹೊಸದುರ್ಗ)

ಉತ್ತರ: ಇಲ್ಲ ಸ್ವಾಮಿ. ಈ ಪತ್ರ ಓದಿ ನನಗೆ ತಳಮಳವಾಯಿತು. ಅದಕ್ಕೇ ನಿಮಗೆ ಆಗಲೇ ಅಂಚೆಯಲ್ಲೂ ಬರೆದಿದ್ದೇನೆ. ಬೇರೆಯವರಿಗೂ ತಿಳಿಯಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಮನೆಮಾತಿನಲ್ಲಿ 'ಸೆಟ್ ಅಸೈಡ್' ಎಂದರೆ ಮುಂದಕ್ಕೆ ಬೇಕಾಗುತ್ತೆ ಅಂತ ತೆಗೆದಿಡುವುದು. ಮಗಳ ಮದುವೆಗೆ ದುಡ್ಡು ತೆಗೆದಿಟ್ಟ ಹಾಗೆ. ಕೋರ್ಟಿನ ಮಾತಿನಲ್ಲಿ ಅದು ಪೂರ್ತಿ ಉಲ್ಟಾ. ತೀರ್ಪು 'ಸೆಟ್ ಅಸೈಡ್' ಆಯಿತು ಅಂದರೆ ರದ್ದಾಯಿತು. ನಿಮಗೆ ಸಿಕ್ಕಿದ್ದ ತೀರ್ಪಿಗೆ ಈಗ ಬಲ ಇಲ್ಲ.

ಆ ಆರ್ಡರಿನಲ್ಲೇ ಮುಂದೆ ಏನಿದೆ ನೋಡಿ. 'ರಿಮ್ಯಾಂಡೆಡ್' ಎಂದಿದ್ದರೆ, ಕೇಸನ್ನು ಮತ್ತೆ ವಿಚಾರಣೆ ಮಾಡಿ ಎಂದು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದ್ದಾರೆ. ಆಗ ನೀವು ಅಲ್ಲಿ ಮತ್ತೆ ಹಾಜರಾಗಿ ಸಾಕ್ಷಿ ದಾಖಲೆ ಎಲ್ಲ ನಡೆಸಬೇಕು. 'ರಿಮ್ಯಾಂಡ್' ಮಾತೇ ಇಲ್ಲದೆ 'ಸೂಟ್ ಈಸ್ ಡಿಸ್‌ಮಿಸ್ಡ್' ಎಂದಿದ್ದರೆ ದಾವೆಯೇ ವಜಾ ಆಗಿದೆ. ಆಗ ಮೇಲಿನ ಕೋರ್ಟಿಗೆ ಹೋಗಬೇಕೋ ಬೇಡವೋ ಎಂದು ಬೇಗ ನಿರ್ಧರಿಸಬೇಕು. ಅಪೀಲಿಗೆ ವಾಯಿದೆ ಇರುತ್ತದೆ, ದಿನ ಓಡುತ್ತಾ ಇರುತ್ತದೆ. ಆರ್ಡರಿನ ದೃಢೀಕೃತ ನಕಲು ತೆಗೆಸಿ ಈ ವಾರವೇ ವಕೀಲರಿಗೆ ತೋರಿಸಿ.

ಇದರ ಜೊತೆ ಗೊಂದಲ ಮಾಡುವ ಇನ್ನೊಂದು ಪದ 'ಸ್ಟೇ'. ಅದು ತಡೆಯಾಜ್ಞೆ. ತೀರ್ಪು ಇರುತ್ತದೆ, ಜಾರಿ ಮಾತ್ರ ನಿಂತಿರುತ್ತದೆ. ಸೆಟ್ ಅಸೈಡ್‌ನಲ್ಲಿ ತೀರ್ಪೇ ಇರುವುದಿಲ್ಲ.

ಕೆಲವೊಮ್ಮೆ ಇದೇ ಪದ ನಮಗೆ ದಾರಿಯೂ ಆಗುತ್ತದೆ. ಸಮನ್ಸ್ ಸರಿಯಾಗಿ ತಲುಪದೆ, ನಾವು ಹೋಗದೇ ಇದ್ದಾಗ ಏಕಪಕ್ಷೀಯ ಡಿಕ್ರಿ ಆಗಿಬಿಟ್ಟರೆ, ಅದನ್ನು 'ಸೆಟ್ ಅಸೈಡ್' ಮಾಡಿ ಎಂದು ನಾವೇ ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ವಾಯಿದೆ 30 ದಿನ. ಡಿಕ್ರಿಯಾದ ದಿನದಿಂದ ಲೆಕ್ಕ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ವಿಷಯ ತಿಳಿದ ದಿನದಿಂದ. ಕೋರ್ಟು, ಬ್ಯಾಂಕು, ಆಸ್ಪತ್ರೆ ಈ ಮೂರು ಕಡೆಯ ಕಾಗದದಲ್ಲಿ ಗೊತ್ತಿರುವ ಇಂಗ್ಲಿಷ್ ಪದ ಕಂಡರೂ ಬಲ್ಲವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಮೇಸ್ತ್ರಿ 'ಆರ್‌ಸಿಸಿ ಸೆಟ್ ಆಯ್ತಕ್ಕ, ಇನ್ನು ನೀರು ಸಾಕು' ಎನ್ನುತ್ತಾನೆ. ಎಂಜಿನಿಯರ್ 'ಇನ್ನೂ ನೀರು ಹಾಕಿ' ಎನ್ನುತ್ತಾರೆ. ಸೆಟ್ ಆದ ಮೇಲೂ ಯಾಕೆ? (ಗೃಹಿಣಿ, ಹುಬ್ಬಳ್ಳಿ)

ಉತ್ತರ: ಎಂಜಿನಿಯರ್ ಮಾತು ಕೇಳಿ. ಇಲ್ಲಿ ತೊಂದರೆ ಮಾಡಿದ್ದು ಪದವೇ. ಸೆಟ್ ಆಗುವುದು ಬೇರೆ, ಗಟ್ಟಿ ಬರುವುದು ಬೇರೆ.

ಇದನ್ನು ನಾನು ಲ್ಯಾಬ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ನಮ್ಮ ಕಾಲೇಜಿನ ಪಕ್ಕದಲ್ಲೇ ಪಾಲಿಟೆಕ್ನಿಕ್ ಇತ್ತು. ಅಲ್ಲಿನ ಮೇಷ್ಟ್ರು ಒಮ್ಮೆ ಕರೆದು ತೋರಿಸಿದರು. ಸಿಮೆಂಟಿಗೆ ಅಳೆದು ನೀರು ಹಾಕಿ ಕಲಸಿ, 40 ಮಿಲಿಮೀಟರ್ ಎತ್ತರದ ಬಳೆಯಂಥ ಅಚ್ಚಿನಲ್ಲಿ ತುಂಬುತ್ತಾರೆ. ಮೇಲೆ ಒಂದು ಸಣ್ಣ ಸೂಜಿ. ಅದನ್ನು ಮೆಲ್ಲಗೆ ತಾಗಿಸಿ ಬಿಡುತ್ತಾರೆ. ಮೊದಲ ಸಲ ಸೂಜಿ ಸರ್ರನೆ ತಳಕ್ಕೇ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಟ್ಟರು, ಮತ್ತೆ ತಳ. ಹೀಗೇ ಮಾಡುತ್ತ ಮಾಡುತ್ತ ಒಂದು ಸಲ ಸೂಜಿ ತಳ ಮುಟ್ಟಲಿಲ್ಲ. ಸುಮಾರು 5 ಮಿಲಿಮೀಟರ್ ಮೇಲೆಯೇ ನಿಂತುಬಿಟ್ಟಿತು. ಮೇಷ್ಟ್ರು ಗಡಿಯಾರ ನೋಡಿ ಬರೆದುಕೊಂಡರು. ಅದು 'ಇನಿಷಿಯಲ್ ಸೆಟ್ಟಿಂಗ್ ಟೈಮ್'. ಆ ಉಪಕರಣಕ್ಕೆ ವಿಕಾ ಎಂಬ ಫ್ರೆಂಚ್ ಎಂಜಿನಿಯರ್ ಹೆಸರಿಟ್ಟಿದ್ದಾರೆ.

ನಮ್ಮ ದೇಶದ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟು 30 ನಿಮಿಷಕ್ಕಿಂತ ಮೊದಲು ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಬೇಕು. ಕಲಸಿ, ಸಾಗಿಸಿ, ಸುರಿಯಲು ಸಮಯ ಬೇಕಲ್ಲ? ಅದಕ್ಕೇ ಸಿಮೆಂಟು ಅರೆಯುವಾಗ ಜಿಪ್ಸಂ ಸೇರಿಸಿ ಅದರ ಆತುರ ತಗ್ಗಿಸುತ್ತಾರೆ. ಅಂದರೆ ಸೆಟ್ ಆಗುವುದು ಒಂದೇ ದಿನದೊಳಗಿನ ಮಾತು. ಬಲ ಬರುವುದು ಆಮೇಲೆ, ವಾರಗಟ್ಟಲೆ. ಆ ಬಲ ಬರಲು ಸಿಮೆಂಟಿಗೆ ನೀರು ಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಆದರೆ ಅಥವಾ ಬಿಸಿಲು ಜೋರಿದ್ದರೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಒಣಗದ ಹಾಗೆ ನೀರು ಹಾಕುವುದು, ಮಾಡಬೇಕು. ಹುಬ್ಬಳ್ಳಿಯ ಬಿಸಿಲಿಗೆ ಇನ್ನೂ ನಾಲ್ಕು ದಿನ ಜಾಸ್ತಿ ಹಾಕಿದರೆ ನಷ್ಟವಿಲ್ಲ.

ಇನ್ನೊಂದು. ಊಟಕ್ಕೆ ಹೋಗಿ ಬಂದು, ಬಿರುಸಾದ ಗಾರೆಗೆ ಮತ್ತೆ ನೀರು ಸುರಿದು ಕಲಸುವವರಿದ್ದಾರೆ. ಸೆಟ್ ಆಗಲು ಶುರುವಾದದ್ದನ್ನು ಹಾಗೆ ಎಬ್ಬಿಸಬಾರದು, ಆಮೇಲೆ ಅದು ಮೊದಲಿನ ಹಾಗೆ ಕೂರುವುದಿಲ್ಲ. ನಿಂತು ನೋಡಿಕೊಳ್ಳಿ.

ಪ್ರಶ್ನೆ: ಟೀಚರ್, 'ಹಿ ಸೆಟ್ ದ ಟೇಬಲ್' ಎಂಬ ವಾಕ್ಯಕ್ಕೆ ಒಂದು 'ಎಸ್' ಬೇಕು ಅಂತ ನನ್ನ ಗೆಳತಿ ಹೇಳುತ್ತಾಳೆ. ಪುಸ್ತಕದಲ್ಲಿ ಇಲ್ಲ. ತಪ್ಪು ಅಚ್ಚಾಗಿದೆಯಾ? (ಒಂಬತ್ತನೇ ತರಗತಿ, ಸಿಂಧನೂರು)

ಉತ್ತರ: ಇಲ್ಲ ಮಗೂ, ಪುಸ್ತಕ ಸರಿಯಾಗಿದೆ. ಸೆಟ್ ಎಂಬುದಕ್ಕೆ ಈಗ, ಆಗ, ಆಗಿಹೋದದ್ದು ಮೂರಕ್ಕೂ ಒಂದೇ ರೂಪ. ಸೆಟ್, ಸೆಟ್, ಸೆಟ್. ಕಟ್, ಪುಟ್, ಹಿಟ್, ಶಟ್ ಕೂಡ ಹಾಗೇ. ಸಾವಿರ ವರ್ಷದ ಹಿಂದೆ ಇದು 'ಸೆಟ್ಟನ್', ಭೂತಕಾಲದಲ್ಲಿ 'ಸೆಟ್ಟೆ' ಎಂದಿತ್ತು. ಜನರ ಬಾಯಲ್ಲಿ ಕೊನೆಯ ಸ್ವರ ಉದುರಿ ಎರಡೂ ಒಂದೇ ಆದವು.

'ಹಿ' ಜೊತೆ ಎಸ್ ಬಂದರೆ ದಿನಾ ಮಾಡುತ್ತಾನೆ ಅಂತ. ಎಸ್ ಇಲ್ಲದಿದ್ದರೆ ಮಾಡಿದ, ಮುಗಿಯಿತು ಅಂತ. ಒಂದೇ ಅಕ್ಷರ ಕಾಲ ಹೇಳುತ್ತಿದೆ ನೋಡು. ಆದರೆ 'ಐ' ಅಥವಾ 'ದೇ' ಬಂದಾಗ ಆ ಸಹಾಯವೂ ಇಲ್ಲ. ಆಗ 'ಎಸ್ಟರ್‌ಡೇ', 'ಎವರಿ ಡೇ' ಅಂಥ ಪದ ಹುಡುಕು. ನಿನ್ನ ಗೆಳತಿಗೂ ಹೇಳು, ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ.

ಪ್ರಶ್ನೆ: ಪೇಪರಿನಲ್ಲಿ 'ಮಾನ್ಸೂನ್ ಸೆಟ್ಸ್ ಇನ್' ಎಂದೂ 'ಆನ್‌ಸೆಟ್' ಎಂದೂ ಬರುತ್ತದೆ. ನಮ್ಮಲ್ಲಿ ಅದಕ್ಕೂ ಮೊದಲೇ ಜೋರು ಮಳೆ ಆಗಿರುತ್ತದೆ! (ನಿವೃತ್ತ ಬ್ಯಾಂಕ್ ನೌಕರರು, ಮಂಗಳೂರು)

ಉತ್ತರ: ಒಂದೆರಡು ಮಳೆ ಬಂದರೆ 'ಸೆಟ್ ಇನ್' ಅಲ್ಲ. ಬಂದು ನೆಲೆ ಊರಬೇಕು. ನಮ್ಮಲ್ಲಿ ಇದಕ್ಕೆ ಎಷ್ಟು ಚೆನ್ನಾದ ಮಾತಿದೆ: ಮಳೆ ಹಿಡಿಯಿತು. 'ಮಳೆ ಬಂತು' ಬೇರೆ, 'ಮಳೆ ಹಿಡಿಯಿತು' ಬೇರೆ. ಮಲೆನಾಡಿನವರಿಗೂ ಕರಾವಳಿಯವರಿಗೂ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹವಾಮಾನ ಇಲಾಖೆಗೂ ಇದಕ್ಕೊಂದು ಅಳತೆ ಇದೆ. ಮೇ 10 ಕಳೆದ ಮೇಲೆ, ಗೊತ್ತುಮಾಡಿದ 14 ಕೇಂದ್ರಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬೀಳಬೇಕು. ಜೊತೆಗೆ ಪಡುವಣ ಗಾಳಿ, ಮೋಡದ ಲಕ್ಷಣ ಕೂಡ ಸರಿಹೊಂದಬೇಕು. ಆಗ ಎರಡನೇ ದಿನ 'ಕೇರಳಕ್ಕೆ ಮುಂಗಾರು ಪ್ರವೇಶ' ಎಂದು ಸಾರುತ್ತಾರೆ. ಸಾಮಾನ್ಯವಾಗಿ ಜೂನ್ 1ರ ಆಸುಪಾಸು. ಆ 14ರ ಪಟ್ಟಿಯಲ್ಲಿ ಕೇರಳ, ಲಕ್ಷದ್ವೀಪದ ಕೇಂದ್ರಗಳ ಜೊತೆ ನಿಮ್ಮ ಮಂಗಳೂರೂ ಇದೆ.

ಪ್ರಶ್ನೆ: ಸೆಟ್ ದೋಸೆಯಲ್ಲಿರುವುದು ಯಾವ ಸೆಟ್? ನಾವು ಹುಡುಗರು 'ಆ ಕೆಲಸ ನಂಗೆ ಸೆಟ್ ಆಗಲ್ಲ' ಅನ್ನುತ್ತೇವೆ. ಇದು ಇಂಗ್ಲಿಷಾ? (ಬೆಂಗಳೂರು)

ಉತ್ತರ: ದೋಸೆಯದು ಗುಂಪಿನ ಸೆಟ್. ಒಂದರ ಮೇಲೊಂದು ಇಟ್ಟು ಎರಡೋ ಮೂರೋ ಮೆತ್ತನೆಯ ದೋಸೆ ಒಟ್ಟಿಗೆ ಕೊಡುತ್ತಾರೆ, ಬಿಡಿಯಾಗಿ ಅಲ್ಲ.

'ಸೆಟ್ ಆಗಲ್ಲ' ಎಂಬುದು ಅಪ್ಪಟ ಕನ್ನಡದ ಬಳಕೆ. ಇಂಗ್ಲಿಷಿನವರಿಗೆ ಹೀಗೆ ಹೇಳಿದರೆ ತಿಳಿಯುವುದಿಲ್ಲ, ಅವರ ಹತ್ತಿರ 'ಸೂಟ್' ಎನ್ನಬೇಕು. 'ಗಾಡಿ ಸೆಟ್ ಆಯ್ತು', 'ರೂಮು ಸೆಟ್ ಆಯ್ತು', 'ಅವರಿಬ್ಬರಿಗೆ ಸೆಟ್ ಆಗಲ್ಲ' ಇವೆಲ್ಲ ನಾವು ಆ ಪದಕ್ಕೆ ಕೊಟ್ಟ ಕೆಲಸಗಳು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ 'ಹೊಂದು', 'ಒಗ್ಗು', 'ಹಿಡಿಸು', 'ಒಪ್ಪು' ಎಂಬ ನಾಲ್ಕು ಪದಗಳ ಜಾಗದಲ್ಲಿ ಅದೊಂದೇ ಬಂದು ಕೂತರೆ ಬೇಜಾರಾಗುತ್ತದೆ. ಊರಿನ ನೀರು ಒಗ್ಗುವುದಿಲ್ಲ. ಬಣ್ಣ ಒಪ್ಪುವುದಿಲ್ಲ. ಕೆಲಸ ಹಿಡಿಸುವುದಿಲ್ಲ. ಸ್ವಭಾವ ಹೊಂದುವುದಿಲ್ಲ. ನಾಲ್ಕರಲ್ಲೂ ಬೇರೆ ಬೇರೆ ಭಾವ ಇದೆ. ಸೆಟ್ ಅನ್ನೂ ಇಟ್ಟುಕೊಳ್ಳಿ, ಇವನ್ನೂ ಬಿಡಬೇಡಿ.

ಪ್ರಶ್ನೆ: 'ಸೆಟ್'ಗೂ ನಮ್ಮ ಪದಗಳಿಗೂ ಏನಾದರೂ ನಂಟಿದೆಯೇ? (ಕನ್ನಡ ಅಧ್ಯಾಪಕರು, ಧಾರವಾಡ)

ಉತ್ತರ: ಇದೆ ಮೇಷ್ಟ್ರೇ, ಸಂಸ್ಕೃತದ ದಾರಿಯಲ್ಲಿ. ಕನ್ನಡದ 'ಕೂರು, ಕೂರಿಸು'ಗೆ ಸೆಟ್ ಜೊತೆ ರಕ್ತಸಂಬಂಧ ಇಲ್ಲ, ನಮ್ಮದು ದ್ರಾವಿಡ ಭಾಷೆ. ಆದರೆ ಇಂಗ್ಲಿಷೂ ಸಂಸ್ಕೃತವೂ ಒಂದೇ ಕುಟುಂಬದವು. ಸಂಸ್ಕೃತದಲ್ಲಿ ಕೂರುವುದಕ್ಕೆ 'ಸದ್' ಎಂಬ ಧಾತು. ಇಂಗ್ಲಿಷಿನ ಸಿಟ್, ಸೆಟ್, ಸೀಟ್, ಸೆಟಲ್ ಇದರ ದಾಯಾದಿಗಳು. ಒಟ್ಟಿಗೆ ಕೂರುವ ಜಾಗ ಸಂಸತ್. ಸುತ್ತ ಕೂರುವುದು ಪರಿಷತ್. ಹತ್ತಿರ ಕೂರುವುದು ಉಪನಿಷತ್. ಸದನವೂ ಅದೇ. ಪ್ರಸನ್ನ ಎಂಬುದೂ ಅಲ್ಲಿಂದಲೇ: ಕಲಕಿದ್ದು ತಳದಲ್ಲಿ ಕೂತು ತಿಳಿಯಾದದ್ದು.

ಗುಂಪಿನ ಸೆಟ್ ಬೇರೆ ಅಂದೆನಲ್ಲ, ಅದರ ಲ್ಯಾಟಿನ್ ಮೂಲ ಹಿಂದೆ ಹೋಗುವುದು, ಅನುಸರಿಸುವುದು. ಸಂಸ್ಕೃತದಲ್ಲಿ ಅದರ ದಾಯಾದಿ 'ಸಚ್' ಧಾತು. ಅದರಿಂದ ಹುಟ್ಟಿದ್ದು 'ಸಚಿವ', ಅಂದರೆ ಜೊತೆಗಿರುವವನು. ಒಂದು ಸೆಟ್ಟಿನ ನೆಂಟ ಸಂಸತ್ತು, ಇನ್ನೊಂದರ ನೆಂಟ ಸಚಿವ. ಇದನ್ನು ಮೊದಲು ಓದಿದಾಗ ನನಗೆ ರೋಮಾಂಚನವಾಗಿತ್ತು. ನಿಮ್ಮ ಮಕ್ಕಳಿಗೂ ಹೇಳಿ.

ಪ್ರಶ್ನೆ: ನಾವು ದುಬೈನಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಕನ್ನಡದಲ್ಲಿ ಹೀಗೆ ಬಹಳ ಅರ್ಥ ಇರುವ ಪದ ಒಂದು ಹೇಳಿ. (ಒಬ್ಬ ತಾಯಿ)

ಉತ್ತರ: ಒಂದಲ್ಲ, ಬೇಕಾದಷ್ಟಿವೆ. ಹಾಕು, ತೆಗೆ, ಬೀಳು, ಕಟ್ಟು. ಮಕ್ಕಳಿಗೆ 'ಹಿಡಿ'ಯಿಂದ ಶುರು ಮಾಡಿ, ಅದನ್ನು ಆಡಿ ತೋರಿಸಬಹುದು. ಮೊದಲು ಕೈಯಲ್ಲಿ ಚೆಂಡು ಹಿಡಿಯಲಿ. ಆಮೇಲೆ ಕೊಡೆ ಹಿಡಿ, ಬಸ್ ಹಿಡಿ, ಕಳ್ಳನನ್ನು ಹಿಡಿ. ಮುಂದಿನ ವಾರ ಕೈಗೆ ಸಿಗದವು: ತುಕ್ಕು ಹಿಡಿಯಿತು, ಅನ್ನ ತಳ ಹಿಡಿಯಿತು, ಹಠ ಹಿಡಿದ, ಕುತ್ತಿಗೆ ಹಿಡಿದುಕೊಂಡಿದೆ, ಗ್ರಹಣ ಹಿಡಿಯಿತು. ಈ ಪಾತ್ರೆ ಎರಡು ಲೀಟರ್ ಹಿಡಿಯುತ್ತೆ. ಹೋಗಲು ಎಷ್ಟು ಹೊತ್ತು ಹಿಡಿಯುತ್ತೆ?

ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಏನನ್ನುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಒಂದೊಂದಕ್ಕೂ ಬೇರೆ ಪದ ಹುಡುಕಬೇಕಾಗುತ್ತದೆ. ತಳ ಹಿಡಿದ ಅನ್ನ ಆ ಮಕ್ಕಳು ನೋಡಿರಲಿಕ್ಕಿಲ್ಲ, ಎಲ್ಲರ ಮನೆಯಲ್ಲೂ ರೈಸ್ ಕುಕ್ಕರ್. ಒಂದು ದಿನ ಪಾತ್ರೆಯಲ್ಲೇ ಅನ್ನ ಮಾಡಿ, ತಳ ಕೆರೆದು ತೋರಿಸಿ. ಆ ಕೆಂಪಗಿನ ಸೀಕಲು ತುಪ್ಪ ಹಾಕಿಕೊಂಡು ತಿನ್ನಲು ಬಹಳ ರುಚಿ.